ಧೂಮವೋ ಧೂಳಿಯೋ: ಉಪಗ್ರಹದೃಷ್ಟಿಯ ಒಂದು ವಿಚಾರ

ಪರ್ವತದಲ್ಲಿ ಹೊಗೆಯನ್ನು ಕಂಡು ಅಲ್ಲಿ ಅಗ್ನಿಯುಂಟೆಂದು ಊಹಿಸುವುದು ತರ್ಕಶಾಸ್ತ್ರದ ಮೊದಲ ಪಾಠ. ಅದರೊಡನೆಯೇ ನೈಯಾಯಿಕರು ಒಂದು ಎಚ್ಚರಿಕೆಯನ್ನೂ ಕೊಟ್ಟಿರುವರು: ಧೂಳೀಪಟಲವನ್ನೇ ಧೂಮವೆಂದು ಭ್ರಮಿಸಿದಲ್ಲಿ ಹೇತುವೇ ಅಸಿದ್ಧವಾಗುವುದು. ಕೃತಕೋಪಗ್ರಹಗಳಿಂದ ಹೊಗೆಧೂಳುಗಳ ಸಂಚಾರವನ್ನು ಅನುಸರಿಸುವವರಿಗೂ ಇದೇ ಮುಖ್ಯವಾದ ತೊಡಕು.

ದಾವಣಗೆರೆ ಜಿಲ್ಲೆಯಲ್ಲಿ ಇದರ ಎರಡು ಮುಖಗಳೂ ಕಾಣುವುವು. ಚನ್ನಗಿರಿ ತಾಲ್ಲೂಕಿನ ಉಬ್ರಾಣಿಯ ಕಡೆಯೂ ನ್ಯಾಮತಿಯ ಗುಡ್ಡಗಳಲ್ಲಿಯೂ ಬೇಸಗೆಯಲ್ಲಿ ಎಲೆಯುದುರುವ ಕಾಡುಂಟು. ಕಿಚ್ಚು ಬಿದ್ದರೆ ಏಳುವುದು ಹೊಗೆ. ಜಗಳೂರು ಮಳೆ ಕಡಮೆಯಾದ ಬಯಲುಸೀಮೆ. ಉತ್ತ ಬರಿನೆಲದ ಮೇಲೆ ಗಾಳಿ ಬೀಸಿದರೆ ಏಳುವುದು ಧೂಳು. ಆದರೆ ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮವೂ ಜಗಳೂರಿನಲ್ಲಿಯೇ ಇರುವುದರಿಂದ, ಧೂಳೆಂದು ಕಡೆಗಣಿಸಿದುದು ಹೊಗೆಯೇ ಆಗಿದ್ದ ಪಕ್ಷದಲ್ಲಿ ಹಾನಿಯು ಅಲ್ಪವಲ್ಲ.

ಭೇದವನ್ನು ತಿಳಿಯುವ ಕ್ರಮವೆಂತೆಂದರೆ: 2016ರಲ್ಲಿ ಹಾರಿಸಿದ ಇನ್ಸಾಟ್-3ಡಿಆರ್, 2024ರ ಇನ್ಸಾಟ್-3ಡಿಎಸ್ ಎಂಬ ಉಪಗ್ರಹಗಳು ಸುಮಾರು 36,000 ಕಿಲೋಮೀಟರು ಎತ್ತರದಲ್ಲಿ ಭೂಮಿಯೊಡನೆಯೇ ಸುತ್ತುತ್ತ ಒಂದೇ ಪ್ರದೇಶವನ್ನು ನಿರಂತರವಾಗಿ ನೋಡುವುವು. ನೆಲದಿಂದ ಹೊರಡುವ ಉಷ್ಣಕಿರಣಗಳನ್ನು ಅವು 11 ಮತ್ತು 12 ಮೈಕ್ರೊಮೀಟರುಗಳ ಸುಮಾರಿನ ಎರಡು ತರಂಗಗಳಲ್ಲಿ ಅಳೆಯುವುವು. ಮಣ್ಣಿನ ಧೂಳಿನಲ್ಲಿರುವ ಸಿಲಿಕಾ ಮೊದಲಾದ ಖನಿಜಗಳು 11ರ ತರಂಗವನ್ನು ಹೆಚ್ಚಾಗಿ ಹೀರುವುದರಿಂದ ಅದರಲ್ಲಿ ನೆಲವು ಹೆಚ್ಚು ತಣ್ಣಗಾದಂತೆ ತೋರುವುದು. ನೀರಾವಿಯ ಪರಿಣಾಮ ಇದಕ್ಕೆ ವಿಪರೀತ. ಹೊಗೆಯ ಕಣಗಳಾದರೋ ಅತಿಸೂಕ್ಷ್ಮವಾಗಿ, ಈ ಕಿರಣಗಳನ್ನು ಬಹುಮಟ್ಟಿಗೆ ತಡೆಯವು. ಹಗಲು ಬೆಳಕಿನಲ್ಲಿ ನಸುನೀಲಿ ಛಾಯೆಯ ಪಟಲವಾಗಿ ಕಾಣುವುವು. ಮೋಡ ಕವಿದರೆ ಈ ಯುಕ್ತಿಯೆಲ್ಲ ವ್ಯರ್ಥ.

ಇನ್ನು ಎತ್ತರದ ಪ್ರಶ್ನೆ. ಮೇಲಿನಿಂದ ತೆಗೆದ ಚಿತ್ರವು ವಾಯುಸ್ತಂಭದ ಸಮಸ್ತ ಕಣಗಳನ್ನೂ ಒಂದುಗೂಡಿಸಿ ತೋರುವುದು. ಹೊನ್ನಾಳಿಯ ಮೇಲೆ ತೇಲಿದ ಹೊಗೆಯು ಜನರ ಉಸಿರಿಗೆ ಸೇರಿತೇ, ತಲೆಯ ಮೇಲೆಯೇ ದಾಟಿತೇ ಎಂಬುದು ಅದರಿಂದ ತಿಳಿಯದು. ಲೇಸರ್ ಕಿರಣವನ್ನು ಕೆಳಗೆ ಬಿಟ್ಟು ಪದರಗಳ ಎತ್ತರವನ್ನು ಅಳೆಯುತ್ತಿದ್ದ ಕ್ಯಾಲಿಪ್ಸೊ 2006ರಿಂದ 2023ರ ವರೆಗೆ ಮಾತ್ರ ಕೆಲಸಮಾಡಿತು.

ಅಗ್ನಿಯನ್ನು ಧೂಮದ ನೆರವಿಲ್ಲದೆ ನೇರವಾಗಿಯೂ ಕಾಣಬಹುದು. ಇದು ತಾರ್ಕಿಕರಿಗೆ ವಿನೋದವೆನಿಸೀತು. ಉರಿಯುವ ಕಾಡು 4 ಮೈಕ್ರೊಮೀಟರಿನ ಸುಮಾರಿನಲ್ಲಿ ಪ್ರಖರವಾಗಿ ಬೆಳಗುವುದು. ಇನ್ಸಾಟಿನ ಉಷ್ಣಚಿತ್ರದ ಒಂದೊಂದು ಬಿಂದು ಸುಮಾರು 4 ಕಿಲೋಮೀಟರು ಅಗಲವಾದುದರಿಂದ ಸಣ್ಣ ಕಿಚ್ಚು ಅದರಲ್ಲಿ ಅಡಗಿಬಿಡುವುದು. ವಿಐಐಆರ್‌ಎಸ್ ಎಂಬ ಉಪಕರಣದ ಬಿಂದು 375 ಮೀಟರು. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು ಅದರ ಆಧಾರದಿಂದಲೂ ಅರಣ್ಯಾಧಿಕಾರಿಗಳಿಗೆ ಸೂಚನೆ ಕಳುಹಿಸುವುದು. 2019ರ ಫೆಬ್ರುವರಿಯ ಬಂಡೀಪುರದ ಕಾಳ್ಗಿಚ್ಚಿನಂಥ ಮಹಾನಲವು ಉಪಗ್ರಹಗಳಿಗೆ ತಪ್ಪದು. ಆದರೆ ಆ ಉಪಕರಣವನ್ನು ಹೊತ್ತ ಉಪಗ್ರಹವು ಹಾದುಹೋಗುವುದು ಮಧ್ಯಾಹ್ನ ಒಂದೂವರೆ ಗಂಟೆಯ ಸುಮಾರಿಗೊಮ್ಮೆ, ನಡುರಾತ್ರಿ ಕಳೆದಮೇಲೊಮ್ಮೆ. ಮೂರು ಗಂಟೆಗೆ ಉಬ್ರಾಣಿಯ ಒಣತರಗಿಗೆ ಹತ್ತಿದ ಬೆಂಕಿಯನ್ನು ಸಾಯಂಕಾಲದೊಳಗೆ ಕಾಣಬೇಕಾದವನು ಕಾಡಿನ ಕಾವಲುಗಾರನೇ.