ನಿಮಗಿದು ಗೊತ್ತೆ? ಕನ್ನಡದ ಮಕ್ಕಳಿಗೆ ಹೊಂದಿಸಿದ ಬುದ್ಧಿಮಾಪನ

ಪಾಠದಲ್ಲಿ ಹಿಂದುಳಿದ ಮಗುವನ್ನು ದಡ್ಡನೆಂದು ಮೂಲೆಗೆ ತಳ್ಳದೆ, ಅದಕ್ಕೆ ಯಾವ ಬಗೆಯ ಬೋಧನೆ ಬೇಕೆಂಬುದನ್ನು ಅರಿಯುವ ಸಲುವಾಗಿ ಪ್ಯಾರಿಸ್ಸಿನಲ್ಲಿ ಆಲ್‌ಫ್ರೆಡ್ ಬಿನೆ ಹಾಗೂ ಥಿಯೊಡೋರ್ ಸಿಮೋನ್ ಎಂಬುವರು 1905ರಲ್ಲಿ 30 ಪರೀಕ್ಷಾಂಶಗಳ ಬುದ್ಧಿಮಾಪನವೊಂದನ್ನು ರಚಿಸಿದರು. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ 1916ರಲ್ಲಿ ಪರಿಷ್ಕೃತವಾದ ಈ ಮಾಪನವನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಒಗ್ಗಿಸಿ, ಅದರ ವಿವರವನ್ನು 1934ರಲ್ಲಿ ಪ್ರಕಟಿಸಿದವರು ಡಾ. ವಿ. ವಿ. ಕಾಮತರು. ಪರದೇಶದ ಮಗುವಿಗೆ ನಿತ್ಯಪರಿಚಿತವಾದ ನಾಣ್ಯವೋ ಚಿತ್ರವೋ ನಮ್ಮ ಮಗುವಿಗೆ ಅಪರಿಚಿತವಾಗಿದ್ದಲ್ಲಿ, ಅಲ್ಲಿ ಅಳೆಯಲ್ಪಡುವುದು ಬುದ್ಧಿಯಲ್ಲ, ಬರಿಯ ಪರಿಚಯ. ಆದುದರಿಂದ ಕಾಮತರ ಕಾರ್ಯವು ಕೇವಲ ಭಾಷಾಂತರವಲ್ಲವೆಂಬುದನ್ನು ನಾವು ಕೃತಜ್ಞತೆಯಿಂದ ನೆನೆಯತಕ್ಕದ್ದು. ಬಿನೆ–ಕಾಮತ್ ಪರೀಕ್ಷೆಯೆಂದು ಹೆಸರಾದ ಅದು ಭಾರತದ ಚಿಕಿತ್ಸಾಲಯಗಳಲ್ಲಿ ದಶಕಗಳ ಕಾಲ ಬಳಕೆಯಲ್ಲಿ ಉಳಿದು ಬಂದಿದೆ.

ಆದರೆ ಬುದ್ಧಿಯ ಅಂಕವೊಂದರಿಂದಲೇ ಆಟಿಸಂ, ಗಮನದ ಚಂಚಲತೆ, ವಿಷಾದರೋಗ ಇವು ಗೋಚರಿಸಲಾರವು. ಶೈಶವದಿಂದ ಮೊದಲ್ಗೊಂಡು ಬೆಳವಣಿಗೆಯ ವೃತ್ತಾಂತವನ್ನು ಕೇಳಿ, ನಡೆನುಡಿಗಳನ್ನು ಸಮಾಧಾನದಿಂದ ಅವಲೋಕಿಸಿ, ಮನೆಯವರ ಮಾತಿಗೂ ಶಾಲೆಯ ಅಥವಾ ಉದ್ಯೋಗದ ಅನುಭವಕ್ಕೂ ಕಿವಿಗೊಟ್ಟ ಬಳಿಕವೇ ತಜ್ಞರು ನಿರ್ಣಯಕ್ಕೆ ಬರುತ್ತಾರೆ. ಬಾಲ್ಯದಲ್ಲಿ ಯಾರ ಗಮನಕ್ಕೂ ಬಾರದೆ ಉಳಿದ ಆಟಿಸಂ ಪ್ರೌಢವಯಸ್ಸಿನಲ್ಲಿ ಪತ್ತೆಯಾಗುವುದೂ ಉಂಟು.