ಬಾಲಕಿಯರಿಗೆ ರಾಜಕೀಯ ಶಿಕ್ಷಣ

2023ರ ವಿಧಾನಸಭಾ ಚುನಾವಣೆಯಲ್ಲಿ ಜಯನಗರದ ಫಲಿತಾಂಶವು ಕೇವಲ 16 ಮತಗಳಿಂದ ನಿರ್ಣಯವಾದುದು ಶ್ರೋತೃಗಳಿಗೆ ನೆನಪಿರಬಹುದು. ಸೋತವರು ಆಗಿನ ಶಾಸಕಿ ಸೌಮ್ಯಾ ರೆಡ್ಡಿಯವರು. ಹದಿನಾರು ಮಂದಿಯೆಂದರೆ ಶಾಲೆಯ ನಾಲ್ಕು ಬೆಂಚುಗಳಷ್ಟೆ!

ಆದರೆ ಮತದಾನವು ಮೊದಲ ಪಾಠ ಮಾತ್ರ. ನಮ್ಮ ರಾಜ್ಯವು 1987ರಲ್ಲಿಯೇ ಗ್ರಾಮಾಂತರ ಸಂಸ್ಥೆಗಳ ಚುನಾವಣೆಯಲ್ಲಿ ಸ್ತ್ರೀಯರಿಗೆ ಶೇಕಡ 25 ಸ್ಥಾನಗಳನ್ನು ಮೀಸಲಿಟ್ಟಿತು. 2015ರಲ್ಲಿ ಬೆಂಗಳೂರಿನ 198 ವಾರ್ಡುಗಳಲ್ಲಿ ಅರ್ಧದಷ್ಟು ಅವರಿಗೇ ಸಂದವು. ಪೀಠವೇನೋ ದೊರೆಯಿತು, ಅದರಲ್ಲಿ ಕುಳಿತು ವಾದಿಸುವ ಅಭ್ಯಾಸವೆಲ್ಲಿ? ಆಯ್ಕೆಯಾದ ಪತ್ನಿಯ ಪರವಾಗಿ ಪತಿಯೇ ಅಧಿಕಾರ ನಡೆಸಿದ ನಿದರ್ಶನಗಳು ವಿರಳವಲ್ಲ. ಶಾಲಾ ಸಭೆಗಳಲ್ಲಿಯೂ ಹುಡುಗಿಯರಿಗೆ ಸ್ವಾಗತಗೀತೆ, ಹುಡುಗರಿಗೆ ಅಧ್ಯಕ್ಷತೆ—ಈ ಹಂಚಿಕೆಯನ್ನು ನಾನೇ ಕಂಡಿದ್ದೇನೆ. ಬನಶಂಕರಿಯ ಬಾಲಕಿಯು ತನ್ನ ಬೀದಿಯ ಚರಂಡಿಗೆ ಮಂಜೂರಾದ ಹಣದ ಲೆಕ್ಕವನ್ನು ಓದಿ ಪ್ರಶ್ನಿಸುವುದನ್ನು ಹತ್ತನೆಯ ತರಗತಿಯೊಳಗೇ ಕಲಿಯಬೇಕು.