ಯೋಧನ ಮಕ್ಕಳಿಗೆ ಕಡಲಾಚೆಯ ಓದು

ಹಳಿಯಾಳ, ಜೋಯಿಡಾ, ದಾಂಡೇಲಿ, ಮುಂಡಗೋಡಗಳಿಗೆ ಬೆಳಗಾವಿ ದೂರವಲ್ಲ. ಮರಾಠಾ ಲಘು ಪದಾತಿ ದಳದ ಕೇಂದ್ರ ಇರುವುದು ಅಲ್ಲಿಯೇ. ಈ ಭಾಗದ ಮಾಜಿ ಯೋಧನ ಮಕ್ಕಳು ಸೈನಿಕ ಸವಲತ್ತಿನಲ್ಲಿ ವಿದೇಶದಲ್ಲಿ ಓದಬಹುದೇ?

ಅಮೆರಿಕವು 1944ರಲ್ಲಿ 'ಜಿ.ಐ. ಬಿಲ್' ಎಂಬ ಕಾನೂನು ತಂದು, ಯುದ್ಧದಿಂದ ಮರಳಿದವರ ಓದಿನ ವೆಚ್ಚ ವಹಿಸಿಕೊಂಡಿತು. ಇಂದಿಗೂ ಅಲ್ಲಿನ ಮಾಜಿ ಯೋಧರು ಆ ಸವಲತ್ತಿನಲ್ಲಿ ಮಾನ್ಯತೆ ಪಡೆದ ವಿದೇಶಿ ವಿಶ್ವವಿದ್ಯಾಲಯಗಳಿಗೂ ಸೇರಬಹುದು.

ನಮ್ಮಲ್ಲಿ 2006ರಲ್ಲಿ ಆರಂಭವಾದ ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಮಾಜಿ ಸೈನಿಕರ ಮಕ್ಕಳಿಗೂ ವಿಧವೆಯರಿಗೂ ಉಂಟು. 2019ರಲ್ಲಿ ಅದನ್ನು ತಿಂಗಳಿಗೆ ಹುಡುಗಿಯರಿಗೆ 3,000, ಹುಡುಗರಿಗೆ 2,500 ರೂಪಾಯಿಗೆ ಏರಿಸಲಾಯಿತು. ಆದರೆ ಅದು ವೈದ್ಯಕೀಯ, ಎಂಜಿನಿಯರಿಂಗ್‌ನಂತಹ ವೃತ್ತಿಪರ ಪದವಿಗಳಿಗೆ. ವಿದೇಶಕ್ಕೆ ಹೋಗಿ ಓದುವವರಿಗಿಲ್ಲ. ಅಂಥವರು ಬ್ಯಾಂಕ್ ಸಾಲವನ್ನೋ ಆಯಾ ವಿಶ್ವವಿದ್ಯಾಲಯದ ನೆರವನ್ನೋ ನೋಡಿಕೊಳ್ಳಬೇಕು. ನಿವೃತ್ತಿಯ ಗಂಟು ಬಿಚ್ಚುವ ಮುನ್ನ ಈ ವ್ಯತ್ಯಾಸ ತಿಳಿದಿರಲಿ.